ಹರಳೆಣ್ಣೆ ಹಚ್ಚಿದ ಗೋಧಿ

ಖಂಭಾತಿನ ಆ ಓಣಿಯಲ್ಲಿ ವರ್ಷದ ಗೋಧಿ ತುಂಬುವುದೆಂದರೆ ಮದುವೆಗಿಂತ ಒಂದು ಕೈ ಮೇಲು. ಮದುವೆಯಲ್ಲಿ ಹೆಚ್ಚುಕಮ್ಮಿಯಾದರೆ ಬೀಗರು ನಾಲ್ಕು ದಿನ ಮುಖ ತಿರುಗಿಸಿಕೊಂಡಿದ್ದು ಐದನೆಯ ದಿನ ತಾವಾಗಿಯೇ ಊಟಕ್ಕೆ ಬರುತ್ತಾರೆ. ಗೋಧಿಯಲ್ಲಿ ಹೆಚ್ಚುಕಮ್ಮಿಯಾದರೆ ಹನ್ನೆರಡು ತಿಂಗಳೂ ಅದನ್ನೇ ತಿನ್ನಬೇಕಲ್ಲ!

ಚೈತ್ರ ಮುಗಿಯುತ್ತಿದ್ದ ಹಾಗೆ ಭಾಲ್ ಸೀಮೆಯಿಂದ ಉದ್ದ ಕಾಳಿನ ಗೋಧಿ ಬರುತ್ತಿತ್ತು. ಮಣಿಯಂಗಡಿಯ ಸೇವಂತಿಲಾಲರ ಮನೆಗೆ ಹದಿನೈದು ಮಣ; ಮಣ ಅಂದರೆ ಇಪ್ಪತ್ತು ಕಿಲೋ. ತಾರಸಿಯ ಮೇಲೆ ಎರಡು ದಿನ ಬಿಸಿಲಿಗೆ ಹರವಿ, ರಾತ್ರಿಯೆಲ್ಲ ಬಟ್ಟೆ ಹೊದಿಸಿ ಆರಿಸಿ, ಮಾರನೆಯ ದಿನ ನೆರಳಲ್ಲಿ ಕೂತು ಹಿಡಿಹಿಡಿಯಾಗಿ ಹರಳೆಣ್ಣೆ ತಿಕ್ಕಬೇಕು. ಒಂದು ಕಾಳೂ ಒಣಗಿ ಉಳಿಯಬಾರದು, ಒಂದು ಕಾಳೂ ಜಿಡ್ಡಾಗಿ ಅಂಟಬಾರದು. ಎಣ್ಣೆ ಹತ್ತಿದ ಕಾಳಿನೊಳಗೆ ಹುಳು ಹುಟ್ಟುವುದಿಲ್ಲ. ಹುಟ್ಟದಿದ್ದರೆ ಸಾಯಿಸುವ ಮಾತೂ ಇಲ್ಲ. ಇರುವೆ ಕಂಡರೆ ಕಾಲು ಎತ್ತಿ ಆಚೆ ಇಡುವ ಜೈನರ ಮನೆಗಳಲ್ಲಿ ಇದು ಬರೀ ಅಡುಗೆಮನೆಯ ಮಾತಾಗಿರಲಿಲ್ಲ.

ಸರಯೂ ಸೇವಂತಿಲಾಲರ ಕೈಹಿಡಿದು ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ. ಅವಳು ಬಂದ ಹೊಸದರಲ್ಲಿ ಓಣಿಯ ಆರು ಮನೆಯ ಹೆಂಗಸರು ಒಟ್ಟಿಗೇ ಸೇರಿ ಇವತ್ತು ಈ ಮನೆ, ನಾಳೆ ಆ ಮನೆ ಅಂತ ತುಂಬುತ್ತಿದ್ದರು. ಒಬ್ಬಳು ಹಾಡು ಎತ್ತಿದರೆ ಉಳಿದವರು ಗೋಧಿ ಉಜ್ಜುತ್ತಲೇ ದನಿಗೂಡಿಸುತ್ತಿದ್ದರು. ಮಧ್ಯಾಹ್ನಕ್ಕೆ ಮಾವಿನ ಹಣ್ಣಿನ ರಸ, ಎರಡು ಪದರದ ರೊಟ್ಟಿ. ಎಣ್ಣೆಗೈಯಲ್ಲೇ ಒಬ್ಬರ ಬೆನ್ನಿಗೆ ಒಬ್ಬರು ಬಾರಿಸಿ, ಸೀರೆಯ ಮೇಲೆ ಐದು ಬೆರಳೂ ಮೂಡಿ, ಅದಕ್ಕೊಂದು ಜಗಳ, ಆಮೇಲೆ ನಗು. ಆ ಗುಂಪಿನ ನಡುವೆ ಸರಯೂಳ ಅತ್ತೆ, ಮೊಣಕೈವರೆಗೂ ಎಣ್ಣೆಯಲ್ಲಿ ಹೊಳೆಯುತ್ತ, “ಕೈ ಎಣ್ಣೆ ಕುಡೀಬಾರ್ದು ಕಣ್ರೇ, ಕಾಳು ಕುಡೀಬೇಕು!” ಅಂತ ಗದರುತ್ತಿದ್ದರು. ಆ ದನಿ ನೆನೆದರೆ ಸರಯೂಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಅವರಿಗೆ ಆಗಿನ್ನೂ ಕೂದಲು ನರೆತಿರಲಿಲ್ಲ. ಎಂಥ ದಿನಗಳು! ಈಗ ಆರು ಮನೆಯಲ್ಲಿ ಮೂರಕ್ಕೆ ಬೀಗ, ಉಳಿದವರಲ್ಲಿ ಇಬ್ಬರು ಮುದುಕಿಯರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ.

ಆ ಅತ್ತೆಯನ್ನು ಈಗ ಮಗನಿಂದ ಮೊಮ್ಮಗನವರೆಗೆ ಎಲ್ಲರೂ ಮೋಟೀಬಾ ಅಂತಲೇ ಕರೆಯುವುದು, ಮನೆಗೆ ದೊಡ್ಡಮ್ಮ ಅನ್ನುವ ಅರ್ಥದಲ್ಲಿ. ಎಪ್ಪತ್ತನಾಲ್ಕು ವಯಸ್ಸು, ಎರಡೂ ಮಣಿಕಟ್ಟು ಊದಿದೆ, ಬಲಗಣ್ಣಿಗೆ ಪೊರೆ. ಆದರೂ ಉಗ್ರಾಣದ ಬೀಗದ ಕೈ ಮಾತ್ರ ಅವರ ಸೊಂಟದಲ್ಲೇ. ಈ ವರ್ಷ ಎಣ್ಣೆ ತಿಕ್ಕುವ ಕೆಲಸವನ್ನು ಸರಯೂಳ ಸೊಸೆ ಹೇತಲಳಿಗೆ ಒಪ್ಪಿಸಿ, ತಾವು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಮದುವೆಯಾಗಿ ಮೂರು ತಿಂಗಳಾಗಿದ್ದ ವಡೋದರಾದ ಹುಡುಗಿ. ಮೂರು ದಿನ ತಿಕ್ಕಿದಳು. ಉಗುರಿನ ಸಂದಿಯ ಎಣ್ಣೆ ವಾರವಾದರೂ ಹೋಗಲಿಲ್ಲ. ಮೂರು ತಗಡಿನ ಕಣಜಕ್ಕೆ ಐದೈದು ಮಣ ಸುರಿದು, ನಡುನಡುವೆ ಒಣಗಿದ ಬೇವಿನೆಲೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಗಿಸಿದಾಗ ಮೋಟೀಬಾ, “ಪರವಾಗಿಲ್ಲ,” ಅಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ.

ಶ್ರಾವಣದ ಮೊದಲ ವಾರ. ಗಿರಣಿಗೆ ಕಳಿಸಲು ಗೋಧಿ ಹಸನು ಮಾಡುತ್ತ ಕೂತಿದ್ದ ಹೇತಲ್ ಕೂಗಿದಳು.

“ಮಮ್ಮೀ, ಒಂದ್ಸಲ ಇಲ್ಲಿ ಬನ್ನಿ.”

ತಟ್ಟೆಯಲ್ಲಿ ಗೋಧಿಯ ನಡುವೆ ಕಪ್ಪು ಚುಕ್ಕೆಗಳು ನಡೆದಾಡುತ್ತಿದ್ದವು. ಒಂದಲ್ಲ, ಎರಡಲ್ಲ. ಸರಯೂ ತಟ್ಟೆಯತ್ತ ಕೈ ಚಾಚಿದಳು. ಮುಚ್ಚಿಡೋಣವೆಂದರೆ ಅಷ್ಟರಲ್ಲಿ ಮೋಟೀಬಾ ಬಂದೇಬಿಟ್ಟರು. ತಟ್ಟೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ನೋಡಿದರು.

“ನುಸಿ,” ಅಂದರು. “ಐವತ್ತೈದು ವರ್ಷ ಆಯ್ತು ನಾನು ಈ ಉಗ್ರಾಣ ನೋಡ್ಕೊಳ್ಳೋಕೆ ಶುರು ಮಾಡಿ. ಒಂದು ಜೀವ ಹುಟ್ಟಿರಲಿಲ್ಲ ಇಲ್ಲಿ.”

ಅಂಗಡಿಯಿಂದ ಮಧ್ಯಾಹ್ನದ ಊಟಕ್ಕೆ ಬಂದ ಸೇವಂತಿಲಾಲರಿಗೆ ತಟ್ಟೆಗೆ ಬದಲು ಈ ಸುದ್ದಿ ಬಡಿಸಿದಂತಾಯಿತು. ಸಾಧು ಮನುಷ್ಯ, ಆದರೆ ಹೊಟ್ಟೆ ಹಸಿದಾಗ ಅಲ್ಲ.

“ಈ ವರ್ಷ ತುಂಬಿದ್ದು ಯಾರು?” ಅಂದರು, ಗೊತ್ತಿಲ್ಲದವರ ಹಾಗೆ.

ಹೇತಲ್ ರೊಟ್ಟಿ ಲಟ್ಟಿಸುವುದನ್ನು ನಿಲ್ಲಿಸಿದಳು.

“ಬಿಸಿ ಆರೋಕೆ ಬಿಡದೆ ಸುರಿದಿದೀಯ,” ಅಂದರು ಮೋಟೀಬಾ. “ಬಿಸಿ ಕಾಳು ಮುಚ್ಚಿಟ್ರೆ ಒಳಗೆ ಬೆವರತ್ತೆ. ನಾನು ಕಣ್ಣು ಮುಚ್ಚಿದ ಹೊತ್ತು ನೋಡಿ ಕೆಲಸ ಮುಗಿಸಿಬಿಟ್ಟೆ.”

“ಇಲ್ಲ ಮೋಟೀಬಾ, ರಾತ್ರಿಯೆಲ್ಲ ಆರಿಸಿದ್ದೆ. ನೀವೇ ಕೈ ಇಟ್ಟು ನೋಡಿದ್ರಲ್ಲ.”

“ಹಾಗಾದ್ರೆ ಎಣ್ಣೆ ಉಳಿಸಿದೀಯ. ವಡೋದರಾದವರಿಗೆ ಎಣ್ಣೆ ಇರೋದು ಜಡೆಗೆ ಹಚ್ಕೊಳ್ಳೋಕೆ ಅಂತ.”

“ನಮ್ಮ ಊರಿನ ಮಾತು ಯಾಕೆ ಈಗ?” ಹೇತಲ್ ಲಟ್ಟಣಿಗೆ ಕೆಳಗಿಟ್ಟಳು. “ಡಬ್ಬ ಖಾಲಿಯಾಗೋವರೆಗೂ ತಿಕ್ಕಿದೀನಿ. ಬೇಕಾದ್ರೆ ಡಬ್ಬ ತೋರಿಸ್ತೀನಿ.”

“ದೊಡ್ಡವರಿಗೆ ಡಬ್ಬ ತೋರಿಸ್ತಾಳಂತೆ!” ಅಂದರು ಸೇವಂತಿಲಾಲ್.

ಮಗ ನಿಮೇಶ್ ಹೆಂಡತಿಯ ಮುಖ ನೋಡಿದ, ಅಜ್ಜಿಯ ಮುಖ ನೋಡಿದ, ಎರಡೂ ಕಡೆ ದಾರಿ ಕಾಣದೆ, “ಹೋಗ್ಲಿ ಬಿಡಿ, ಗಿರಣಿಯಲ್ಲಿ ಬೀಸಿದ ಹಿಟ್ಟೇ ಮಾರ್ತಾರೆ, ತಂದ್ರಾಯ್ತು,” ಅಂದ. ಎಡವಟ್ಟು ಮಾತು.

“ತಾ, ತಾ. ಯಾವತ್ತು ಬೀಸಿದ್ದು ಅಂತ ಗಿರಣಿಯವನನ್ನ ಕೇಳ್ಕೊಂಡು ಬಾ,” ಅಂದರು ಮೋಟೀಬಾ. “ಅವನಿಗೆ ಅವನ ಮಕ್ಕಳು ಹುಟ್ಟಿದ ತಾರೀಖೇ ನೆನಪಿಲ್ಲ. ಮಳೆಗಾಲದಲ್ಲಿ ಬೀಸಿದ ಹಿಟ್ಟನ್ನ ಇಷ್ಟೇ ದಿನ ಇಟ್ಕೋಬೇಕು ಅಂತ ಲೆಕ್ಕ ಇದೆ ಕಣೋ ಈ ಮನೇಲಿ.”

ಆ ಮಧ್ಯಾಹ್ನ ಹೇತಲ್ ಊಟಕ್ಕೆ ಕೂರಲಿಲ್ಲ. ಹೊಟ್ಟೆನೋವು ಅಂದಳು. ಸಂಜೆ ಸೂರ್ಯ ಮುಳುಗುವ ಮುಂಚೆಯೂ ಕೂರಲಿಲ್ಲ. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಹೊತ್ತುವುದಿಲ್ಲ. ಆ ಹುಡುಗಿ ಹಾಗೇ ಮಲಗಿದಳು.

ಆ ಮಧ್ಯಾಹ್ನವೇ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಸರಯೂ ಉಗ್ರಾಣಕ್ಕೆ ಹೋಗಿದ್ದಳು. ಬೀಗ ತೆರೆದೇ ಇತ್ತು. ನುಸಿ ಬಂದ ಕಣಜದ ಮುಚ್ಚಳ ಎತ್ತಿ ಕೈ ಆಡಿಸಿದಳು. ಮೇಲಿನ ಪದರದಲ್ಲಿ ಗೋಧಿಯ ನಡುವೆ ದುಂಡನೆಯ ಬಿಳಿ ಕಾಳು ಸಿಕ್ಕಿತು. ಇನ್ನೊಂದು. ಮತ್ತೊಂದು. ಜೋಳ! ಕೆಲವು ಒದ್ದೆಯಾಗಿ ಗೋಧಿಗೆ ಅಂಟಿಕೊಂಡು ಮುಗ್ಗಲು ಬಂದಿದ್ದವು.

ಆ ಮನೆಯಲ್ಲಿ ಜೋಳ ತಿನ್ನುವವರಿಲ್ಲ. ಜೋಳ ಬರುವುದು ಪಾರಿವಾಳಗಳಿಗೆ. ಓಣಿಯ ತುದಿಯಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಕಟ್ಟೆ ಇದೆ. ಬೆಳಗಾಗುತ್ತಲೇ ಮೋಟೀಬಾ ಒಂದು ಪಾವು ಜೋಳ ಸೆರಗಿನಲ್ಲಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ. ಮಳೆ ಹಿಡಿದ ದಿನ ಹಕ್ಕಿ ಕಡಿಮೆ, ಕಾಳು ಉಳಿಯುತ್ತದೆ. ಉಳಿದದ್ದು ಯಾರ ಕಾಲಿಗಾದರೂ ಸಿಕ್ಕಿ ತುಳಿಸಿಕೊಳ್ಳುವುದು ಮೋಟೀಬಾಗೆ ಆಗದು. ಬಾಚಿ ಸೆರಗಿಗೆ ಹಾಕಿಕೊಂಡು ಬಂದು ಉಗ್ರಾಣದ ಜೋಳದ ಡಬ್ಬಕ್ಕೇ ಸುರಿಯುತ್ತಾರೆ. ಡಬ್ಬ ಇರುವುದು ಕಣಜದ ಮಗ್ಗುಲಲ್ಲೇ. ಆ ಕತ್ತಲ ಕೋಣೆ, ಆ ಕಣ್ಣು... ಡಬ್ಬ ಅಂತ ತಿಳಿದು ಕಣಜದ ಮುಚ್ಚಳ ತೆಗೆದಿದ್ದಾರೆ. ಕಟ್ಟೆಯ ಮೇಲೆ ಬಿದ್ದ, ಮಳೆಯಲ್ಲಿ ನೆನೆದ ಕಾಳು, ಜೊತೆಗೆ ಅದರಲ್ಲಿದ್ದ ಹುಳು. ಎಷ್ಟು ದಿನದಿಂದಲೋ.

ಸರಯೂ ಅಲ್ಲೇ ನೆಲಕ್ಕೆ ಕೂತಳು. ಹೋದ ತಿಂಗಳು ಮೋಟೀಬಾ ಆ ಕಟ್ಟೆಯ ಹತ್ತಿರ ಜಾರಿ ಬಿದ್ದಾಗ ಸೇವಂತಿಲಾಲ್, “ಇನ್ನೊಂದು ಸಲ ಏನಾದ್ರೂ ಆದ್ರೆ ಹಕ್ಕಿ ಗಿಕ್ಕಿ ಎಲ್ಲ ಬಂದ್. ಮನೇಲಿ ಕೂತು ಜಪಮಾಲೆ ಎಣಿಸು,” ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ಈಗ ಇದು ಗೊತ್ತಾದರೆ ಉಗ್ರಾಣದ ಬೀಗದ ಕೈಯೂ ಹೋಗುತ್ತದೆ, ಹಕ್ಕಿಯೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಸಾವಿರ ಜೀವ ತನ್ನ ಕೈಯಿಂದ ಹುಟ್ಟಿ ಸಾಯುವ ಹಾಗಾಯಿತು ಅಂತ ಮುದುಕಿ ಉಪವಾಸದ ಮೇಲೆ ಉಪವಾಸ ಹಿಡಿದರೆ ಆ ಮೈ ತಡೆದೀತೇ? ಹೇಳಿದರೆ ಮೋಟೀಬಾ ಉಳಿಯುವುದಿಲ್ಲ. ಹೇಳದಿದ್ದರೆ ಹೇತಲ್ ಉಳಿಯುವುದಿಲ್ಲ. ಅವಳ ಅಪ್ಪ ಮದುವೆಯಾದಾಗಿನಿಂದ ಒಂದೇ ಸಮನೆ ಕರೆಯುತ್ತಿದ್ದಾರೆ: ವಡೋದರಾದಲ್ಲಿ ಫ್ಲ್ಯಾಟ್ ಖಾಲಿ ಇದೆ, ಅಳಿಯಂದಿರು ನಮ್ಮ ಅಂಗಡಿಗೇ ಬರಲಿ ಅಂತ. ನಿಮೇಶ್ ಒಬ್ಬನೇ ಮಗ. ಅವನು ಹೊರಟರೆ ಈ ಮನೆಯಲ್ಲಿ ಏನು ಉಳಿಯಿತು?

ಕೊನೆಗೆ ಅವಳು ಮಾಡಿದ್ದಿಷ್ಟು. ಕಣ್ಣಿಗೆ ಬಿದ್ದ ಜೋಳವನ್ನೆಲ್ಲ ಆರಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ಹೇತಲ್ ಚಿಕ್ಕವಳು, ನಾಲ್ಕು ಮಾತು ತಾಳಿಕೊಂಡಾಳು ಅಂದುಕೊಂಡಳು. ಚಿಕ್ಕವರು ತಾಳಿಕೊಳ್ಳುತ್ತಾರೆ ಅಂತ ಯಾವ ಪುಣ್ಯಾತ್ಮರು ಕಂಡುಹಿಡಿದರೋ ಕಾಣೆ! ಸರಯೂಗೂ ಅದರ ಮೇಲೆ ನಂಬಿಕೆಯಿರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡಳು.

ಮಾರನೆಯ ದಿನ ಸೇವಂತಿಲಾಲ್ ಒಂದು ಉಪಾಯ ತಂದರು. ಧಾನ್ಯದ ವ್ಯಾಪಾರಿ ಹೇಳಿದ್ದನಂತೆ, ಕಣಜದಲ್ಲಿ ಎರಡು ಮಾತ್ರೆ ಹಾಕಿ ಮುಚ್ಚಿದರೆ ಮೂರು ದಿನದಲ್ಲಿ ಎಲ್ಲ ಸಾಫ್.

“ಸಾಫ್ ಅಂದ್ರೆ?” ಅಂದರು ಮೋಟೀಬಾ.

“ಅಂದ್ರೆ... ಹುಳ ಹೋಗತ್ತೆ.”

“ಎಲ್ಲಿಗೆ ಹೋಗತ್ತೆ? ಅಹಮದಾಬಾದಿಗಾ?” ಮೋಟೀಬಾ ಮಗನ ಮುಖವನ್ನೇ ನೋಡಿದರು. “ಊಟದ ಮನೆ ಪಕ್ಕ ವಿಷ ತಂದಿಟ್ಕೊಂಡು ಮಲಗ್ತೀಯಾ? ಆ ಹೊಗೆ ಹುಳಕ್ಕೆ ಮಾತ್ರ ಅಂತ ಹೆಸರು ಬರ್ಕೊಂಡು ಬಂದಿರತ್ತಾ? ಮಾತ್ರೆ ಹೊಸಿಲು ದಾಟಿದ ದಿನ ನಾನು ಗೋಧಿ ಬಿಟ್ಟೆ ಅಂತ ತಿಳ್ಕೋ.”

ಮಾತ್ರೆ ಹೊಸಿಲು ದಾಟಲಿಲ್ಲ. ಬಿಸಿಲಿಗೂ ಹಾಕುವಂತಿಲ್ಲ, ಕಾದ ತಾರಸಿಯಲ್ಲಿ ಹುಳು ಸಾಯುತ್ತವೆ. ಉಳಿದದ್ದು ಒಂದೇ ದಾರಿ, ಕೈಯಲ್ಲಿ ಬೇರ್ಪಡಿಸುವುದು. ಐದು ಮಣ, ನೂರು ಕಿಲೋ! ಮೊರದಲ್ಲಿ ಇಷ್ಟಿಷ್ಟೇ ಹರವಿ ನೆರಳಲ್ಲಿಟ್ಟರೆ ಹುಳು ಅಂಚಿಗೆ ಹರಿದು ಬರುತ್ತವೆ. ಅವನ್ನು ಉಣ್ಣೆಯ ಮೆತ್ತನೆಯ ಕುಚ್ಚಿನಿಂದ ಮಡಕೆಗೆ ಸರಿಸಿ, ತಿನ್ನಲು ಒಂದು ಹಿಡಿ ಗೋಧಿಯನ್ನೂ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಪಾಂಜರಾಪೋಳಕ್ಕೆ ಕಳಿಸಬೇಕು. ಮುದಿ ಎತ್ತು, ಕುಂಟ ಕುದುರೆಗಳನ್ನು ಸಾಕುವ ಆ ಜಾಗದಲ್ಲಿ ಹುಳುಗಳಿಗೂ ಒಂದು ಕೋಣೆ ಉಂಟು.

“ಹೇತಲ್, ನೀನು ಬಾ,” ಅಂದರು ಮೋಟೀಬಾ. “ನೀನು ಮತ್ತು ನಾನು. ಬೇರೆ ಯಾರೂ ಬೇಡ.”

“ನಾನೂ ಕೂರ್ತೀನಿ,” ಅಂದಳು ಸರಯೂ.

“ನಿನಗೆ ಅಡುಗೆ ಕೆಲಸ ಇಲ್ವಾ? ಹೋಗು.”

ಅವತ್ತಿನಿಂದ ದಿನಾ ಮಧ್ಯಾಹ್ನ ಹಿಂದಿನ ಕೋಣೆಯ ಬಾಗಿಲು ಮುಚ್ಚಿತು. ಒಳಗಿನಿಂದ ಮೋಟೀಬಾರ ದನಿ ಒಂದೇ ಸಮನೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಎರಡು ಗಂಟೆ, ಮೂರು ಗಂಟೆ. ಪಾತ್ರೆ ತೊಳೆಯುತ್ತ ಸರಯೂ ಕಿವಿ ಅತ್ತಲೇ ಇಟ್ಟಿರುತ್ತಿದ್ದಳು. ಪಾಪದ ಹುಡುಗಿ, ಬೈಸಿಕೊಳ್ಳುವುದಕ್ಕೂ ಒಂದು ಮಿತಿ ಬೇಡವೇ ಅನ್ನಿಸುತ್ತಿತ್ತು. ಒಂದು ಸಲ ಹೇತಲ್ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಸರಯೂ ತಡೆದು ಕೇಳಿದಳು.

“ಏನಂದ್ರು?”

“ಏನಿಲ್ಲ ಮಮ್ಮಿ. ಧೂಳು.”

ಇನ್ನೊಂದು ಹೊಸ ಶಿಕ್ಷೆ ಶುರುವಾಯಿತು. ಬೆಳಿಗ್ಗೆ ಹಕ್ಕಿಗೆ ಕಾಳು ಹಾಕಲು ಮೋಟೀಬಾ ಈಗ ಹೇತಲಳನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. ಕೊಡೆ ಹಿಡಿದು ಆ ಹುಡುಗಿ ಹಿಂದೆ, ಕೋಲು ಊರಿ ಇವರು ಮುಂದೆ. ನಿದ್ದೆಗಣ್ಣಿನಲ್ಲಿ ಅವಳು ಹೋಗುವುದನ್ನು ಕಿಟಕಿಯಿಂದ ನೋಡಿ ಸರಯೂಗೆ ತಾನೇ ಅವಳ ಬೆನ್ನಿಗೆ ಗೋಣಿಚೀಲ ಹೊರಿಸಿದಂತೆ ಅನ್ನಿಸುತ್ತಿತ್ತು.

ಸೇವಂತಿಲಾಲ್ ಬೇರೆ ಊಟದ ಹೊತ್ತಿನಲ್ಲಿ ರೊಟ್ಟಿ ಮುರಿದು ಬೆಳಕಿಗೆ ಹಿಡಿದು ನೋಡುವ ಹೊಸ ಅಭ್ಯಾಸ ಮಾಡಿಕೊಂಡರು.

“ಏನು ನೋಡ್ತೀರಿ?” ಒಂದು ದಿನ ಸರಯೂ ತಡೆಯಲಾರದೆ ಕೇಳಿದಳು.

“ಏನೂ ಇಲ್ಲ. ರೊಟ್ಟಿ ಜೊತೆ ಇನ್ನೇನಾದ್ರೂ ಬಡಿಸಿದಾರಾ ಅಂತ.”

“ಗೋಧಿ ಬೇರೆ ಕಣಜದ್ದು. ಮೂರು ಸಲ ಜರಡಿ ಹಿಡಿದಿದೆ. ಅಷ್ಟು ಸಂಶಯ ಇದ್ರೆ ನೀವೇ ಲಟ್ಟಿಸ್ಕೊಳ್ಳಿ.”

ಅಡುಗೆಮನೆಯ ಒಳಗಿನಿಂದ ಹೇತಲ್ ಕಿಸಕ್ಕನೆ ನಕ್ಕದ್ದು ಕೇಳಿಸಿತೋ, ಬಿಕ್ಕಿದ್ದು ಕೇಳಿಸಿತೋ, ಸರಯೂಗೆ ಗೊತ್ತಾಗಲಿಲ್ಲ. ಬಿಕ್ಕಿದ್ದೇ ಇರಬೇಕು ಅಂದುಕೊಂಡಳು.

ಭಾನುವಾರ ಭಾನುವಾರ ವಡೋದರಾದಿಂದ ಫೋನು. ಹೇತಲ್ ಬೆನ್ನು ತಿರುಗಿಸಿ, ದನಿ ತಗ್ಗಿಸಿ ಮಾತಾಡುತ್ತಿದ್ದಳು. “ಇಲ್ಲ ಪಪ್ಪಾ... ಈಗ ಬೇಡ ಪಪ್ಪಾ... ದೀಪಾವಳಿ ಆದ್ಮೇಲೆ ಅನ್ನಬೇಡಿ...” ಒಂದು ಸಲ ಫೋನಿಟ್ಟು ಅಳುತ್ತ ಮೆಟ್ಟಿಲು ಹತ್ತಿದಳು. ಸರಯೂ ಅವತ್ತು ನಿಮೇಶನನ್ನು ಹಿಡಿದಳು.

“ದೀಪಾವಳಿಗೆ ಏನೋ ಇದೆಯಂತಲ್ಲ?”

“ನಂಗೇನು ಗೊತ್ತು ಮಮ್ಮಿ. ಅವಳು ನನ್ನ ಹತ್ರ ಮಾತಾಡೋದೇ ಕಮ್ಮಿ. ಇಡೀ ದಿನ ಮೋಟೀಬಾ ಜೊತೆ, ರಾತ್ರಿ ಮಲಗಿದ್ರೆ ಗೊರಕೆ.”

“ನೀವು ಹೋಗೋದಾದ್ರೆ ನನಗೊಂದು ಮಾತು ಮೊದಲೇ ಹೇಳ್ಬಿಡು.”

“ಎಲ್ಲಿಗೆ ಹೋಗೋದು?” ಅಂದ ಅವನು. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವೋ, ಅಪ್ಪನ ಹಾಗೆ ನಟಿಸುತ್ತಿದ್ದನೋ.

ಎರಡು ಸಲ ಸರಯೂ ಹೇಳಿಬಿಡಲು ಹೊರಟಳು. ಒಮ್ಮೆ ಗಂಡನಿಗೆ ಹಾಲು ಕೊಡುವಾಗ, “ನೋಡಿ, ಆ ಗೋಧಿ ವಿಷಯ...” ಅಂದಳು. “ಅದರ ಹೆಸರು ಎತ್ತಬೇಡ,” ಅಂದರು ಅವರು. ಇನ್ನೊಮ್ಮೆ ಹೇತಲಳ ತಲೆಗೆ ಎಣ್ಣೆ ಹಚ್ಚುತ್ತ ಬಾಯಿ ತೆರೆದಳು. ಅಷ್ಟರಲ್ಲಿ ಮೋಟೀಬಾ, “ಹೇತಲ್, ಮಡಕೆ ತುಂಬ್ತು, ಬಾ,” ಅಂತ ಕೂಗಿದರು. ಆ ಹುಡುಗಿ ಅರ್ಧ ಹೆಣೆದ ಜಡೆಯಲ್ಲೇ ಎದ್ದು ಓಡಿದಳು. ಎಷ್ಟು ಹೆದರಿಸಿಟ್ಟಿದಾರೆ ಇವಳನ್ನ ಅಂದುಕೊಂಡಳು ಸರಯೂ.

ಹನ್ನೊಂದು ಮಡಕೆ ಪಾಂಜರಾಪೋಳಕ್ಕೆ ಹೋದವು. ಶ್ರಾವಣ ಮುಗಿಯುವ ಹೊತ್ತಿಗೆ ಐದು ಮಣದಲ್ಲಿ ಮೂರೂವರೆ ಮಣ ಉಳಿಯಿತು. ಪರ್ಯೂಷಣ ಬಂತು. ಎಂಟು ದಿನ ಓಣಿಯಲ್ಲಿ ಒರಳು, ಬೀಸುವ ಕಲ್ಲಿನ ಸದ್ದಿಲ್ಲ, ಹಸಿರು ತರಕಾರಿಯಿಲ್ಲ, ಹೆಸರುಬೇಳೆ, ರೊಟ್ಟಿ, ಕಾಯಿಸಿ ಆರಿಸಿದ ನೀರು. ಕೊನೆಯ ದಿನ ಸಂವತ್ಸರಿ. ಅವತ್ತು ಮನೆಮಂದಿಯೆಲ್ಲ ನಿರಾಹಾರ. ಸಂಜೆ ಮುನಿಗಳು ತಂಗುವ ಉಪಾಶ್ರಯದಲ್ಲಿ ಮೂರು ಗಂಟೆ ಕೂತು ವರ್ಷದ ಪಾಪಗಳನ್ನು ಒಂದೊಂದಾಗಿ ನೆನೆದು, ಹೊರಗೆ ಬಂದು ಕಂಡಕಂಡವರಿಗೆಲ್ಲ ಕೈಮುಗಿದು, “ಮಿಚ್ಛಾಮಿ ದುಕ್ಕಡಂ,” ನನ್ನ ತಪ್ಪೆಲ್ಲ ಹುಸಿಯಾಗಲಿ, ಕ್ಷಮಿಸಿ ಅನ್ನಬೇಕು. ದೊಡ್ಡವರು ಚಿಕ್ಕವರಿಗೂ ಅನ್ನಬೇಕು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಗೊಣಗಿಕೊಂಡಾದರೂ ಅಂದು ಮುಗಿಸುತ್ತಾರೆ. ಹಾಲಿನವನಿಗೆ ಅಂದಷ್ಟೇ ಸಲೀಸಾಗಿ ಸರಯೂ ಪ್ರತಿ ವರ್ಷ ಎಲ್ಲರಿಗೂ ಅನ್ನುತ್ತಿದ್ದಳು. ಈ ವರ್ಷ ಉಪಾಶ್ರಯದಿಂದ ಮನೆಯವರೆಗೂ ಅವಳು ತಲೆ ತಗ್ಗಿಸಿಕೊಂಡು ಯಾರಿಗೂ ಅನ್ನದೆ ನಡೆದಳು.

ಮನೆ ಸೇರಿದ ಕೂಡಲೇ ಹೇತಲಳನ್ನು ಕೈಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಒಲೆ ತಣ್ಣಗಿತ್ತು.

“ಮಿಚ್ಛಾಮಿ ದುಕ್ಕಡಂ, ಹೇತಲ್.”

“ಅಯ್ಯೋ, ನಾನು ಮೊದಲು ಹೇಳ್ಬೇಕು ಮಮ್ಮಿ,” ಅಂತ ಅವಳು ಕಾಲಿಗೆ ಬಗ್ಗಿದಳು.

“ಬಗ್ಗಬೇಡ. ನಾನು ಎಲ್ಲರಿಗೂ ಹೇಳೋ ಹಾಗೆ ಹೇಳ್ತಿಲ್ಲ. ಗೋಧಿ ಕೆಟ್ಟದ್ದು ನಿನ್ನಿಂದ ಅಲ್ಲ. ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡೆ. ನೀನು ಒಂದು ತಿಂಗಳು ಬೈಸಿಕೊಂಡೆ, ನಾನು ನೋಡ್ತಾ ಪಾತ್ರೆ ತೊಳೆದೆ. ಕಣಜದಲ್ಲಿ...”

“ಜೋಳ ಇತ್ತು,” ಅಂದಳು ಹೇತಲ್.

ಸರಯೂ ಹಿಡಿದಿದ್ದ ಕೈ ಬಿಟ್ಟಳು.

“ಅವತ್ತು ನೀವು ಸೆರಗಲ್ಲಿ ಗಂಟು ಕಟ್ಕೊಂಡು ಉಗ್ರಾಣದಿಂದ ಬಂದದ್ದು ನಾನು ನೋಡಿದ್ದೆ. ಮೇಲಿನದನ್ನ ಮಾತ್ರ ಆರಿಸಿದ್ರಿ ಮಮ್ಮಿ. ಕೆಳಗೆ ಬೇಕಾದಷ್ಟಿತ್ತು. ಎರಡನೇ ದಿನ ಮೊರದಲ್ಲಿ ಸಿಕ್ತು. ಮೋಟೀಬಾ ಬೆರಳಲ್ಲಿ ಉಜ್ಜಿ ನೋಡಿದ್ರು, ಆಮೇಲೆ ಬಾಗಿಲು ಹಾಕು ಅಂದ್ರು. ಚಿಕ್ಕ ಮಗು ಥರ ಅತ್ತುಬಿಟ್ರು. ಈಗಲೇ ಎಲ್ಲರ ಮುಂದೆ ಹೇಳ್ತೀನಿ ಅಂತ ಎದ್ರು. ನಾನೇ ಕೂರಿಸಿದೆ. ಮಾವನವರಿಗೆ ಗೊತ್ತಾದ್ರೆ ನೀವು ಹಕ್ಕಿ ಹತ್ರ ಹೋಗೋದು ತಪ್ಪಿಸ್ತಾರೆ, ನನ್ನ ಹೆಸರಲ್ಲೇ ಇರ್ಲಿ ಬಿಡಿ ಅಂದೆ.”

“ಮತ್ತೆ ದಿನಾ ಬಾಗಿಲು ಹಾಕ್ಕೊಂಡು ಬೈತಿದ್ರಲ್ಲ?”

“ಬೈಯ್ಯೋದಾ!” ಹೇತಲ್ ಬಾಯಿಗೆ ಸೆರಗು ಅಡ್ಡ ಹಿಡಿದಳು. “ಹಳೇ ಕಥೆ ಹೇಳ್ತಿದ್ರು. ತಾತ ಮೊದಲನೇ ಸಲ ಗೋಧಿ ಖರೀದಿಗೆ ಹೋಗಿ ಜವೆಗೋಧಿ ತಂದದ್ದು, ನೀವೆಲ್ಲ ಸೇರಿ ಪಕ್ಕದ ಮನೆ ಮಂಜುಳಾಬೆನ್ ಅವರ ಹೊಸ ಸೀರೆಗೆ ಎಣ್ಣೆ ಕೈ ಒರೆಸಿದ್ದು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬರ್ತಿತ್ತು. ಬೆಳಿಗ್ಗೆ ನಾನೇ ಅವರ ಜೊತೆ ಹೋಗೋದು, ಉಳಿದ ಜೋಳ ನಾನೇ ಡಬ್ಬಕ್ಕೆ ಹಾಕೋದು. ಬೇರೆ ಕೋಣೆಯಲ್ಲಿ ಇಟ್ಟಿದೀನಿ ಈಗ.”

“ನಿಮ್ಮಪ್ಪ... ಫೋನು?”

“ಅವರು ದೀಪಾವಳಿ ಆದ್ಮೇಲೆ ಬಂದುಬಿಡಿ ಅಂತಾರೆ. ಬರಲ್ಲ ಅಂದ್ರೆ ಬೈತಾರೆ. ನಾನು ಈ ಮನೇಲೇ ಇರ್ತೀನಿ ಮಮ್ಮಿ. ಇನ್ನೂ ಬೇಳೆ ತುಂಬೋದು, ಖಾರದ ಪುಡಿ ಇಡೋದು ಕಲಿಸಿಲ್ಲ ಅವರು ನನಗೆ.” ಅವಳು ದನಿ ತಗ್ಗಿಸಿದಳು. “ಒಂದು ಮಾತು ಮಾತ್ರ ಹೇಳಿದ್ರು. ಹಿಂದೆ ಒಂದ್ಸಲ ಹೀಗೇ ಒಬ್ಬಳ ಮೇಲೆ ತಪ್ಪು ಹೊರಿಸಿದ್ದೆ, ಆಮೇಲೆ ತಪ್ಪು ನಂದೇ ಅಂತ ತಿಳಿದ್ರೂ ಬಾಯಿ ಬಿಡಲಿಲ್ಲ, ಅದಕ್ಕೇ ನಿನಗೆ ಆವತ್ತೇ ಹೇಳಿಬಿಟ್ಟೆ ಅಂತ. ಯಾರು ಅಂತ ಕೇಳಿದೆ. ಹೇಳಲಿಲ್ಲ.”

ಅಷ್ಟರಲ್ಲಿ ಸೇವಂತಿಲಾಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮುಖ ಬಾಡಿತ್ತು, ಕಣ್ಣು ಕೆಂಪಗಿತ್ತು.

“ಮೋಟೀಬಾ ನನಗೆ ಎಲ್ಲ ಹೇಳಿದ್ಲು,” ಅಂದರು. ಕೈಮುಗಿದರು, ಏನೋ ಅನ್ನಲು ಹೊರಟು ಕೆಮ್ಮಿದರು. “ಹೇತಲ್ ಬೇಟಾ... ಹೊಟ್ಟೆಗೆ ಹಾಕ್ಕೋಮ್ಮಾ. ಕಣ್ಣಿನ ಡಾಕ್ಟರ ಹತ್ರ ನಾಡಿದ್ದೇ ಕರ್ಕೊಂಡು ಹೋಗ್ತೀನಿ ಅವಳನ್ನ. ಹಕ್ಕಿ ವಿಷಯ ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ.”

ಸರಯೂ ಅವರನ್ನು ದಾಟಿಕೊಂಡು ಹೊರಗೆ ಬಂದಳು. ಹಜಾರದ ತೂಗುಮಣೆಯ ಮೇಲೆ ಮೋಟೀಬಾ ಒಬ್ಬರೇ ಕೂತಿದ್ದರು. ಇಡೀ ದಿನದ ಉಪವಾಸದಲ್ಲಿ ಮುಖ ಇಷ್ಟೇ ಆಗಿತ್ತು. ಅವಳು ಅವರ ಮುಂದೆ ಕೈಮುಗಿದಳು.

“ಮಿಚ್ಛಾಮಿ ದುಕ್ಕಡಂ, ಮೋಟೀಬಾ.”

“ಪ್ರತಿ ವರ್ಷ ನೀನೇ ಮೊದಲು ಓಡಿ ಬಂದು ಹೇಳಿಬಿಡ್ತೀಯ. ನನಗೆ ಹೇಳೋಕೆ ಬಿಡೋದೇ ಇಲ್ಲ. ಕೂತ್ಕೋ ಇಲ್ಲಿ.”

ಸರಯೂ ಅವರ ಪಕ್ಕ ಕೂತಳು. ಇಪ್ಪತ್ತೇಳು ವರ್ಷದಲ್ಲಿ ಆ ಮಣೆಯ ಮೇಲೆ ಅತ್ತೆಯ ಸರಿಸಮ ಕೂತದ್ದು ಅದೇ ಮೊದಲು. ಮೋಟೀಬಾ ಊದಿದ ಕೈಯಿಂದ ಅವಳ ಮೊಣಕಾಲು ಹಿಡಿದುಕೊಂಡರು.

“ನೀನು ಬಂದ ವರ್ಷದ ಮಳೆಗಾಲ. ಗರಿಗರಿ ಖಾಖರಾ ರೊಟ್ಟಿ ಮಾಡಿ ದೊಡ್ಡ ಹಿತ್ತಾಳೆ ಡಬ್ಬ ತುಂಬಿಸಿದ್ದೆ ನೀನು. ಮುಚ್ಚಳ ತೆಗೆದೇ ಇತ್ತು, ಗಾಳಿ ಆಡಿ, ಎಲ್ಲ ಬೂಷ್ಟು ಹಿಡೀತು. ನಿನ್ನನ್ನ ಓಣಿ ಹೆಂಗಸರ ಮುಂದೆ ನಿಲ್ಲಿಸಿ, ತವರಲ್ಲಿ ಮುಚ್ಚಳ ಮುಚ್ಚೋದೂ ಕಲಿಸಲಿಲ್ವಾ ಅಂದೆ.”

ಸರಯೂ ಸೆರಗಿನ ಅಂಚು ಮಡಿಸತೊಡಗಿದಳು.

“ಮುಚ್ಚಳ ತೆಗೆದಿಟ್ಟದ್ದು ನಾನು. ಬೆಳಿಗ್ಗೆ ಎರಡು ತಗೊಂಡಿದ್ದೆ. ನಿನ್ನ ಬೈದ ಮೂರನೇ ದಿನಕ್ಕೆ ನೆನಪಾಯ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಸೊಸೆ ಮುಂದೆ ತಲೆ ತಗ್ಗಿಸೋದು ಹೇಗೆ ಅಂತ. ಇಷ್ಟು ವರ್ಷ ಕಳೀತು.”

“ಯಾವ ಖಾಖರಾ ಮೋಟೀಬಾ? ನನಗೆ ನೆನಪೇ ಇಲ್ಲ.”

“ಸಂವತ್ಸರಿ ದಿನ ಸುಳ್ಳು ಹೇಳ್ಬೇಡ ಸರಯೂ.”

ಆ ಡಬ್ಬ, ಆ ಬೆಳಗು, ಬಾವಿಯ ಕಟ್ಟೆಯ ಹಿಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತದ್ದು, ಎಲ್ಲ ನೆನ್ನೆಯದೆನ್ನುವಂತೆ ಎದ್ದು ಬಂತು.

“ನೆನಪಿದೆ,” ಅಂದಳು. “ನೂರಾ ಇಪ್ಪತ್ತು ಖಾಖರಾ.”

“ನೂರಾ ನಲವತ್ತು,” ಅಂದರು ಮೋಟೀಬಾ.